ನಮ್ಮ ಕಡೆ ಬೆಟ್ಟವೇ ಇಲ್ಲ, ಹಾಗಾದ್ರೆ ಜ್ವಾಲಾಮುಖಿ ಎಲ್ಲಿತ್ತು?

ಪ್ರಶ್ನೆ: ಸರ್, ನಮ್ಮದು ಬೀದರ್ ಜಿಲ್ಲೆ, ಬಸವಕಲ್ಯಾಣ ತಾಲೂಕು. ಈ ಬೇಸಿಗೆಯಲ್ಲಿ ಹೊಲದಲ್ಲಿ ಬಾವಿ ತೋಡಿಸಿದೆವು. ಮೇಲೆ ಎರೆ ಮಣ್ಣು, ಅದರ ಕೆಳಗೆ ಗರಸು, ಆಮೇಲೆ ಗಟ್ಟಿ ಕರಿಕಲ್ಲು ಬಂತು. ಅದನ್ನು ಒಡೆದು ಇಳಿದರೆ ಮೊಳದಷ್ಟು ಕೆಂಪು ಮಣ್ಣು. ಅದರ ಕೆಳಗೆ ತೂತು ತೂತಾದ ಕಲ್ಲು, ತೂತಿನೊಳಗೆ ಬಿಳಿ ಹರಳು. ಹೈಸ್ಕೂಲಿಗೆ ಹೋಗುವ ಮಗಳು "ಅಪ್ಪಾ, ಇದು ಜ್ವಾಲಾಮುಖಿ ಕಲ್ಲು" ಅಂತಾಳೆ. ನಮ್ಮ ಸುತ್ತ ಅಂಥ ಬೆಟ್ಟವೇ ಇಲ್ಲವಲ್ಲ, ಜ್ವಾಲಾಮುಖಿ ಎಲ್ಲಿತ್ತು? ಅದರಲ್ಲಿ ಎಷ್ಟು ವಿಧ, ಹೇಗೆ ಸಿಡಿಯುತ್ತವೆ? ಇಲ್ಲಿ ಮತ್ತೆ ಸಿಡಿಯಬಹುದಾ? ಪಕ್ಕದ ಲಾತೂರ್ ಜಿಲ್ಲೆಯ ಕಿಲ್ಲಾರಿ ಭೂಕಂಪಕ್ಕೂ ಇದಕ್ಕೂ ಸಂಬಂಧ ಇದೆಯಾ?

ಉತ್ತರ: ನಿಮ್ಮ ಮಗಳು ಹೇಳಿದ್ದು ಸರಿ. ನಿಮ್ಮ ಬಾವಿಯ ಗೋಡೆಯಲ್ಲಿ ಕಾಣುತ್ತಿರುವುದು ಎರಡು ಲಾವಾ ಹರಿವುಗಳು, ಒಂದರ ಮೇಲೊಂದು. ಬಾವಿಗೆ ಸುತ್ತ ಕಲ್ಲು ಕಟ್ಟಿಸುವ ಮೊದಲು ದಯವಿಟ್ಟು ನಾಲ್ಕು ಕಡೆಯಿಂದ ಫೋಟೊ ತೆಗೆದಿಟ್ಟುಕೊಳ್ಳಿ. ಇಷ್ಟು ಸ್ಪಷ್ಟವಾದ ಪಾಠ ಯಾವ ಪುಸ್ತಕದಲ್ಲೂ ಸಿಗುವುದಿಲ್ಲ.

ಬೆಟ್ಟ ಎಲ್ಲಿ ಅನ್ನುವ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಉಳಿದ ಪ್ರಶ್ನೆಗಳ ಉತ್ತರವೂ ಅದರಲ್ಲೇ ಇದೆ. ಜ್ವಾಲಾಮುಖಿ ಅಂದ ಕೂಡಲೇ ನಮ್ಮ ಕಣ್ಮುಂದೆ ಬರುವುದು ಚೂಪಾದ ಬೆಟ್ಟ, ತುದಿಯಲ್ಲಿ ಬಾಯಿ, ಬಾಯಿಂದ ಬೆಂಕಿ. ಆದರೆ ಜ್ವಾಲಾಮುಖಿ ಅಂದ್ರೆ ನೆಲದಾಳದ ಕರಗಿದ ಕಲ್ಲು ಮೇಲೆ ಬರುವ ದಾರಿ, ಅಷ್ಟೇ. ಆ ದಾರಿ ಬೆಟ್ಟದ ತುದಿಯಲ್ಲಿರಬಹುದು. ಬಯಲಿನಲ್ಲಿ ಹತ್ತಾರು ಕಿಲೋಮೀಟರ್ ಉದ್ದದ ಬಿರುಕಾಗಿರಬಹುದು. ಸಮುದ್ರದ ತಳದಲ್ಲೂ ಇರಬಹುದು. ಬೆಟ್ಟ ಏಳುತ್ತದೋ ಇಲ್ಲವೋ ಅನ್ನುವುದು ಹೊರಗೆ ಬರುವ ಕರಗಿದ ಕಲ್ಲು ಎಂಥದ್ದು, ಎಷ್ಟು ಬರುತ್ತದೆ ಅನ್ನುವುದರ ಮೇಲೆ ನಿಂತಿದೆ. ಭೂಮಿಯ ಮೇಲಿನ ಅತಿ ದೊಡ್ಡ ಲಾವಾ ಪ್ರವಾಹಗಳು ಬೆಟ್ಟ ಕಟ್ಟಲೇ ಇಲ್ಲ, ಬಯಲು ಕಟ್ಟಿದವು. ಆ ಬಯಲಿನಲ್ಲೇ ನಾವು ತೊಗರಿ ಬಿತ್ತುತ್ತಿದ್ದೇವೆ.

ಕಲ್ಲು ಕರಗುವುದು ಹೇಗೆ ಅನ್ನುವುದನ್ನು ಮೊದಲು ನೋಡೋಣ. ನಮ್ಮ ಕಾಲ ಕೆಳಗೆ ಇಡೀ ಭೂಮಿ ಲಾವಾದ ಸಮುದ್ರ ಅಂತ ಬಹಳ ಜನ ನಂಬಿದ್ದಾರೆ. ಹಾಗಿಲ್ಲ. ನೆಲದ ಹೊರಪದರದ ಕೆಳಗೆ ಸುಮಾರು 2,900 ಕಿಲೋಮೀಟರ್ ಆಳದವರೆಗೆ ಇರುವ ಮ್ಯಾಂಟಲ್ ಬಹುಪಾಲು ಗಟ್ಟಿ ಕಲ್ಲೇ. ಬಿಸಿ ವಿಪರೀತ ಇದೆ, ಆದರೆ ಮೇಲಿನ ಭಾರ ಅದನ್ನು ಕರಗಲು ಬಿಡುವುದಿಲ್ಲ. ಅದು ಕರಗಲು ಮುಖ್ಯವಾಗಿ ಎರಡು ಕಾರಣ ಸಾಕು. ಒಂದು, ಒತ್ತಡ ಕಡಿಮೆಯಾಗಬೇಕು. ಆಳದ ಬಿಸಿ ಕಲ್ಲು ನಿಧಾನವಾಗಿ ಮೇಲೆ ಏರಿದರೆ, ಬಿಸಿ ಹಾಗೇ ಉಳಿದು ಒತ್ತಡ ಇಳಿಯುತ್ತದೆ, ಕಲ್ಲಿನ ಒಂದು ಪಾಲು ಕರಗುತ್ತದೆ. ಭೂಫಲಕಗಳು, ಅಂದ್ರೆ ಭೂಮಿಯ ಹೊರಚಿಪ್ಪಿನ ದೊಡ್ಡ ದೊಡ್ಡ ತುಂಡುಗಳು, ಒಂದರಿಂದೊಂದು ದೂರ ಸರಿಯುವ ಕಡೆ ಹೀಗಾಗುತ್ತದೆ. ಐಸ್‌ಲ್ಯಾಂಡ್ ಅಂಥ ಜಾಗ. ಹವಾಯಿಯಂಥ ಕಡೆ ಫಲಕದ ನಡುವೆಯೇ ಆಳದಿಂದ ಬಿಸಿ ಕಲ್ಲು ಕಂಬದ ಹಾಗೆ ಎದ್ದು ಬರುತ್ತದೆ. ಅದಕ್ಕೆ ಹಾಟ್‌ಸ್ಪಾಟ್ ಅಂತಾರೆ.

ಎರಡನೆಯದು ನೀರು. ಸಮುದ್ರ ತಳದ ಫಲಕ ಇನ್ನೊಂದು ಫಲಕದ ಅಡಿಗೆ ನುಗ್ಗಿ ಇಳಿಯುವಾಗ ತನ್ನ ಕಲ್ಲಿನೊಳಗೆ ಸೇರಿದ ನೀರನ್ನೂ ಆಳಕ್ಕೆ ಒಯ್ಯುತ್ತದೆ. ಆ ನೀರು ಬಿಡುಗಡೆಯಾಗಿ ಮೇಲಿನ ಬಿಸಿ ಕಲ್ಲಿಗೆ ಸೇರಿದಾಗ ಅದು ಕಡಿಮೆ ಶಾಖಕ್ಕೇ ಕರಗುತ್ತದೆ. ಜಪಾನ್, ಇಂಡೋನೇಷ್ಯಾ, ಫಿಲಿಪ್ಪೀನ್ಸ್, ದಕ್ಷಿಣ ಅಮೆರಿಕದ ಆಂಡಿಸ್, ಎಲ್ಲ ಈ ಬಗೆಯವು. ನಮ್ಮ ಅಂಡಮಾನಿನ ಬ್ಯಾರೆನ್ ದ್ವೀಪವೂ ಇದೇ ಸಾಲಿನದು.

ನೆಲದೊಳಗೆ ಇರುವಾಗ ಅದು ಮ್ಯಾಗ್ಮಾ, ಹೊರಗೆ ಬಂದರೆ ಲಾವಾ. ಮ್ಯಾಗ್ಮಾದಲ್ಲಿ ನಾವು ನೋಡಬೇಕಾದದ್ದು ಎರಡೇ ಗುಣ: ಎಷ್ಟು ಮಂದ, ಎಷ್ಟು ಅನಿಲ. ಮಂದವಾಗಿಸುವುದು ಮುಖ್ಯವಾಗಿ ಸಿಲಿಕಾ, ಅಂದ್ರೆ ಮರಳಿನಲ್ಲಿರುವ ಅಂಶ. ನಿಮ್ಮ ಬಾವಿಯ ಕರಿಕಲ್ಲು ಬಸಾಲ್ಟ್. ಅದರಲ್ಲಿ ಸಿಲಿಕಾ ನೂರಕ್ಕೆ 50ರ ಆಸುಪಾಸು. ಬೇರೆ ಜಾತಿಯ ಲಾವಾ ಕಲ್ಲುಗಳಾದ ಆಂಡಿಸೈಟ್‌ನಲ್ಲಿ ಸುಮಾರು 60, ರಯೋಲೈಟ್‌ನಲ್ಲಿ 70ಕ್ಕೂ ಜಾಸ್ತಿ. ಬಸಾಲ್ಟ್ ಲಾವಾ 1,100ರಿಂದ 1,200 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಬರುತ್ತದೆ, ತೆಳುವಾಗಿ ಹರಿಯುತ್ತದೆ. ರಯೋಲೈಟ್ 700ರಿಂದ 900 ಡಿಗ್ರಿಯಲ್ಲಿ ಬರುತ್ತದೆ, ಹರಿಯಲು ಒಪ್ಪುವುದೇ ಇಲ್ಲ.

ಇನ್ನು ಅನಿಲ. ನೀರಾವಿ, ಕಾರ್ಬನ್ ಡೈಆಕ್ಸೈಡ್, ಸಲ್ಫರ್ ಡೈಆಕ್ಸೈಡ್ ಆಳದಲ್ಲಿ ಮ್ಯಾಗ್ಮಾದೊಳಗೆ ಕರಗಿಕೊಂಡೇ ಇರುತ್ತವೆ. ಮ್ಯಾಗ್ಮಾ ಮೇಲೆ ಬಂದಂತೆ ಒತ್ತಡ ಇಳಿದು ಗುಳ್ಳೆಗಳಾಗುತ್ತವೆ. ಮುಂದೆ ಏನಾಗುತ್ತದೆ ಅನ್ನುವುದನ್ನು ಮನೆಯ ಒಲೆಯ ಮೇಲೆ ನೋಡಬಹುದು. ಜೋಳದ ಅಂಬಲಿ ಕುದಿಯುವಾಗ ಗುಳ್ಳೆ ಎದ್ದು ಸುಮ್ನೆ ಒಡೆಯುತ್ತದೆ. ಅದೇ ನುಚ್ಚು ಗಟ್ಟಿಯಾಗುತ್ತಾ ಬಂದಾಗ ಗುಳ್ಳೆ ಹೊರಗೆ ಬರಲಾರದೆ ಒಳಗೇ ಉಬ್ಬಿ, ಕೊನೆಗೆ ಪಟ್ ಅಂತ ಸಿಡಿದು ಕೈ ಸುಡುತ್ತದೆ. ತೆಳು ಮ್ಯಾಗ್ಮಾ ಹರಿಯುವುದು, ಮಂದ ಮ್ಯಾಗ್ಮಾ ಸ್ಫೋಟಿಸುವುದು ಇದೇ ಕಾರಣಕ್ಕೆ. ಜ್ವಾಲಾಮುಖಿಯ ವಿಧಗಳೆಲ್ಲ ಇಲ್ಲಿಂದಲೇ ಹುಟ್ಟುತ್ತವೆ.

ತೆಳು ಬಸಾಲ್ಟ್ ಲಾವಾ ಒಂದೇ ಜಾಗದಿಂದ ಸಾವಿರಾರು ಸಲ ಉಕ್ಕಿ ಹರಿದರೆ ಅಗಲವಾದ, ಇಳಿಜಾರು ಕಡಿಮೆ ಇರುವ ಬೆಟ್ಟ ಬೆಳೆಯುತ್ತದೆ. ಇದು ಗುರಾಣಿ ಜ್ವಾಲಾಮುಖಿ. ಹವಾಯಿಯ ಮೌನಾ ಲೋವಾ ಸಮುದ್ರಮಟ್ಟದಿಂದ 4,169 ಮೀಟರ್ ಎತ್ತರ ಇದೆ. ಅದರ ಬುಡ ಇನ್ನೂ ಕೆಳಗೆ, ಸಮುದ್ರದ ತಳದಲ್ಲಿದೆ. ಪಕ್ಕದ ಕಿಲವೇಯಾ 1983ರಿಂದ 2018ರವರೆಗೆ ಹೆಚ್ಚುಕಡಿಮೆ ಸತತವಾಗಿ ಉಕ್ಕಿತು. ಕೊನೆಯ ವರ್ಷ ಸುಮಾರು 700 ಮನೆಗಳನ್ನು ನುಂಗಿತು. ಆದರೆ ಇಂಥ ಲಾವಾದ ಮುಂದೆ ಜನ ಸಾಮಾನ್ಯವಾಗಿ ನಡೆದೇ ತಪ್ಪಿಸಿಕೊಳ್ಳಬಹುದು. ಹೋಗುವುದು ಮನೆ, ಹೊಲ.

ಬಾಯಿಯಿಂದ ಚಿಮ್ಮಿದ ಲಾವಾ ತುಂಡು ತುಂಡಾಗಿ, ಗಾಳಿಯಲ್ಲೇ ಆರಿ, ಸುತ್ತಲೂ ಉದುರಿ ಗುಡ್ಡೆಯಾದರೆ ಅದು ಕಿಟ್ಟದ ಶಂಕು. ಸಣ್ಣ ಜಾತಿ. ಆದರೂ ಇದರ ಒಂದು ಕಥೆಯನ್ನು ರೈತರಿಗೆ ಹೇಳದೆ ಇರಲಾರೆ. 1943ರ ಫೆಬ್ರವರಿ 20. ಮೆಕ್ಸಿಕೊದ ಪಾರಿಕುಟಿನ್ ಹಳ್ಳಿಯ ಡಿಯೊನಿಸಿಯೊ ಪುಲಿಡೊ ಅನ್ನುವ ರೈತ ತನ್ನ ಮೆಕ್ಕೆಜೋಳದ ಹೊಲದಲ್ಲಿ ಕೆಲಸ ಮಾಡುತ್ತಿದ್ದ. ಅವನ ಕಣ್ಣೆದುರೇ ನೆಲ ಬಿರುಕು ಬಿಟ್ಟು ಹೊಗೆ, ಬೂದಿ ಬರತೊಡಗಿತು. ಮಾರನೇ ದಿನದ ಹೊತ್ತಿಗೆ ಹೊಲದಲ್ಲಿ ಗುಡ್ಡ ಎದ್ದಿತ್ತು. ವರ್ಷದೊಳಗೆ ಅದು 300 ಮೀಟರ್ ದಾಟಿತು. 1952ರಲ್ಲಿ ನಿಂತಾಗ ಎತ್ತರ 424 ಮೀಟರ್. ಎರಡು ಹಳ್ಳಿಗಳು ಲಾವಾ, ಬೂದಿಯಲ್ಲಿ ಮುಚ್ಚಿಹೋದವು. ಒಂದು ಚರ್ಚಿನ ಗೋಪುರ ಇವತ್ತಿಗೂ ಕರಿ ಲಾವಾದ ನಡುವೆ ತಲೆ ಎತ್ತಿ ನಿಂತಿದೆ. ಒಂದು ಜ್ವಾಲಾಮುಖಿಯ ಹುಟ್ಟಿನಿಂದ ಸಾವಿನವರೆಗೆ ಎಲ್ಲವನ್ನೂ ವಿಜ್ಞಾನಿಗಳು ಎದುರಿಗೆ ನಿಂತು ನೋಡಲು ಸಿಕ್ಕ ಅಪರೂಪದ ಸಂದರ್ಭ ಅದು.

ಪಠ್ಯಪುಸ್ತಕದ ಚೂಪು ಬೆಟ್ಟ ಮೂರನೇ ಬಗೆ. ಅದನ್ನು ಸ್ತರ ಜ್ವಾಲಾಮುಖಿ ಅಂತಾರೆ. ಒಮ್ಮೆ ಬೂದಿ, ಒಮ್ಮೆ ಮಂದ ಲಾವಾ, ಹೀಗೆ ಪದರದ ಮೇಲೆ ಪದರ ಕೂತು ಬೆಳೆದದ್ದು. ಫ್ಯೂಜಿ, ವೆಸುವಿಯಸ್, ಪಿನಾಟುಬೊ ಎಲ್ಲ ಈ ಜಾತಿ. ನೋಡಲು ಬಲು ಚಂದ. ಆದರೆ ಜನರನ್ನು ಕೊಲ್ಲುವುದು ಹೆಚ್ಚಾಗಿ ಇವೇ, ಅದೂ ಲಾವಾದಿಂದ ಅಲ್ಲ. ಬೂದಿ, ಕಲ್ಲುಚೂರು, ನೂರಾರು ಡಿಗ್ರಿ ಬಿಸಿಯ ಅನಿಲ ಕೂಡಿಕೊಂಡು ಬೆಟ್ಟದ ಮೈ ಮೇಲಿಂದ ನೆಲಕ್ಕಂಟಿಕೊಂಡೇ ನುಗ್ಗಿ ಬರುತ್ತವೆ. ವೇಗ ಗಂಟೆಗೆ ನೂರು ಕಿಲೋಮೀಟರ್ ದಾಟುತ್ತದೆ. ಓಡಿ ತಪ್ಪಿಸಿಕೊಳ್ಳುವ ಮಾತೇ ಇಲ್ಲ. 1902ರ ಮೇ 8ರಂದು ಕೆರಿಬಿಯನ್ನಿನ ಮಾರ್ಟಿನೀಕ್ ದ್ವೀಪದಲ್ಲಿ ಮೌಂಟ್ ಪೆಲೇ ಹೀಗೆ ಸಿಡಿದು ಸೇಂಟ್ ಪಿಯರ್ ಪಟ್ಟಣದ ಸುಮಾರು 28,000 ಜನ ಕೆಲವೇ ನಿಮಿಷದಲ್ಲಿ ಸತ್ತರು.

ಕೊಲಂಬಿಯಾದ ನೆವಾಡೊ ಡೆಲ್ ರುಯಿಜ್‌ನ ಕಥೆ ಇನ್ನೂ ಸಂಕಟದ್ದು. 1985ರ ನವೆಂಬರ್ 13ರ ರಾತ್ರಿ ಆದ ಸ್ಫೋಟ ದೊಡ್ಡದೇನಲ್ಲ. ಆದರೆ ಶಿಖರದ ಹಿಮ ಕರಗಿ, ಬೂದಿಯ ಜೊತೆ ಸೇರಿ, ಕೆಸರಿನ ಪ್ರವಾಹವಾಗಿ ಕಣಿವೆಗೆ ಇಳಿಯಿತು. ಅರ್ಮೆರೊ ಪಟ್ಟಣ ತಲುಪಲು ಅದಕ್ಕೆ ಎರಡು ಗಂಟೆಗೂ ಜಾಸ್ತಿ ಹಿಡಿಯಿತು. ಅಪಾಯದ ನಕ್ಷೆ ಮೊದಲೇ ತಯಾರಾಗಿತ್ತು. ಆದರೂ ಜನರನ್ನು ಎಬ್ಬಿಸಿ ಎತ್ತರಕ್ಕೆ ಕಳಿಸಲಿಲ್ಲ. 20,000ಕ್ಕೂ ಹೆಚ್ಚು ಜನ ಹೋದರು. ಆರು ವರ್ಷದ ನಂತರ, 1991ರಲ್ಲಿ, ಫಿಲಿಪ್ಪೀನ್ಸಿನ ಪಿನಾಟುಬೊ ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದಾಗಿ ಸಿಡಿಯಿತು. ಆದರೆ ಸಣ್ಣ ಸಣ್ಣ ಕಂಪನ, ಹೆಚ್ಚಿದ ಅನಿಲ ನೋಡಿ ವಿಜ್ಞಾನಿಗಳು ಮೊದಲೇ ಎಚ್ಚರಿಸಿದ್ದರು, ಸರ್ಕಾರ ಮಾತು ಕೇಳಿತ್ತು. ಸಾವಿರಾರು ಜೀವ ಉಳಿದವು. ಜ್ವಾಲಾಮುಖಿ ಹೇಳದೆ ಕೇಳದೆ ಬರುವುದು ಕಡಿಮೆ. ನೆಲ ಉಬ್ಬುತ್ತದೆ, ಕಂಪನಗಳ ಸಾಲು ಶುರುವಾಗುತ್ತದೆ, ಅನಿಲ ಬದಲಾಗುತ್ತದೆ. ಅಳೆಯುವವರು ಬೇಕು, ಅವರ ಮಾತು ಕೇಳುವವರೂ ಬೇಕು.

ಇಲ್ಲೊಂದು ಮಾತು. ಶಾಲೆಯಲ್ಲಿ ಜೀವಂತ, ಸುಪ್ತ, ಲುಪ್ತ ಅಂತ ಮೂರು ವಿಧ ಹೇಳಿಕೊಡುತ್ತಾರೆ. ನಿಮ್ಮ ಮಗಳ ಪುಸ್ತಕದಲ್ಲೂ ಇದ್ದೀತು. ಪರೀಕ್ಷೆಗೆ ಅದು ಸಾಕು, ಆದರೆ ಅದನ್ನು ಜಾಸ್ತಿ ನೆಚ್ಚಿಕೊಳ್ಳಬಾರದು ಅನ್ನುವುದು ನನ್ನ ಅಭಿಪ್ರಾಯ. ಪಿನಾಟುಬೊ ಸುಮಾರು 500 ವರ್ಷ ಮಲಗಿತ್ತು. ಅದರ ತಪ್ಪಲಲ್ಲಿ ಬದುಕುತ್ತಿದ್ದ ಎಷ್ಟೋ ಜನರಿಗೆ ಅದು ಜ್ವಾಲಾಮುಖಿ ಅನ್ನುವುದೇ ಗೊತ್ತಿರಲಿಲ್ಲ. ನಮ್ಮ ಬ್ಯಾರೆನ್ ದ್ವೀಪದ ಸ್ಫೋಟವನ್ನು 1787ರಲ್ಲಿ ಹಡಗಿನವರು ನೋಡಿ ಬರೆದಿಟ್ಟರು. ಆಮೇಲೆ ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲ ತಣ್ಣಗಿದ್ದು 1991ರಲ್ಲಿ ಮತ್ತೆ ಎದ್ದಿತು. ಆಗಿನಿಂದ ಆಗಾಗ ಉಗುಳುತ್ತಲೇ ಇದೆ. ಭಾರತದ ನೆಲದಲ್ಲಿ ಈಗ ಜೀವಂತವಾಗಿರುವುದು ಅದೊಂದೇ. ಮನುಷ್ಯರ ನೆನಪು ಚಿಕ್ಕದು, ಮ್ಯಾಗ್ಮಾಕ್ಕೆ ಕೆಲವು ನೂರು ವರ್ಷ ಲೆಕ್ಕಕ್ಕೇ ಇಲ್ಲ.

ನಾಲ್ಕನೆಯದು ಕಾಲ್ಡೆರಾ. ನೆಲದಡಿಯ ದೊಡ್ಡ ಮ್ಯಾಗ್ಮಾ ಕೋಣೆ ಒಮ್ಮೆಲೇ ಖಾಲಿಯಾದರೆ ಮೇಲಿನ ಚಾವಣಿ ಕುಸಿದು ಭಾರಿ ಕುಳಿ ಬೀಳುತ್ತದೆ. ಸುಮಾತ್ರಾದ ಟೋಬಾ ಸುಮಾರು 74,000 ವರ್ಷದ ಹಿಂದೆ ಹೀಗೆ ಸಿಡಿಯಿತು. ಈಗ ಅಲ್ಲಿ 100 ಕಿಲೋಮೀಟರ್ ಉದ್ದ, 30 ಕಿಲೋಮೀಟರ್ ಅಗಲದ ಸರೋವರ ಇದೆ. ಆ ಬೂದಿ ಬಂಗಾಳ ಕೊಲ್ಲಿ ದಾಟಿ ನಮ್ಮ ನೆಲದ ಮೇಲೂ ಬಿತ್ತು. ಆಂಧ್ರದ ಕರ್ನೂಲು ಸೀಮೆಯ ಜ್ವಾಲಾಪುರಂನಲ್ಲಿ ಆ ಬೂದಿಯ ಪದರ ಸಿಕ್ಕಿದೆ. ಅದರ ಮೇಲೂ ಕೆಳಗೂ ಆ ಕಾಲದ ಮನುಷ್ಯರ ಕಲ್ಲಿನ ಆಯುಧಗಳು ಸಿಕ್ಕಿವೆ. ಕಲಬುರಗಿಯಿಂದ ಅದು ತೀರಾ ದೂರವೇನಲ್ಲ.

ಈಗ ನಮ್ಮದು. ತೆಳು ಬಸಾಲ್ಟ್ ಲಾವಾ ಒಂದು ಬಾಯಿಂದ ಬರದೆ ಉದ್ದದ ಬಿರುಕಿನ ಉದ್ದಕ್ಕೂ ಉಕ್ಕಿದರೆ ಬೆಟ್ಟ ಕಟ್ಟಲು ಅವಕಾಶವೇ ಸಿಗುವುದಿಲ್ಲ. ಅದು ತಗ್ಗು ಹುಡುಕಿಕೊಂಡು ಹರಡಿ ಮಟ್ಟಸವಾಗುತ್ತದೆ. ಇದಕ್ಕೆ ಬಿರುಕು ಸ್ಫೋಟ ಅಂತಾರೆ. 2023ರ ಡಿಸೆಂಬರ್‌ನಲ್ಲಿ ಐಸ್‌ಲ್ಯಾಂಡಿನ ಗ್ರಿಂಡವಿಕ್ ಪಟ್ಟಣದ ಹತ್ತಿರ ನೆಲ ಸೀಳಿ ಕೆಂಪು ಗೋಡೆಯಂತೆ ಲಾವಾ ಎದ್ದ ವಿಡಿಯೊ ನೀವೂ ಮೊಬೈಲ್‌ನಲ್ಲಿ ನೋಡಿರಬಹುದು. ಅದು ಸಣ್ಣ ಮಾದರಿ. ಅದೇ ದೇಶದಲ್ಲಿ 1783ರ ಜೂನ್‌ನಲ್ಲಿ ಲಾಕಿ ಅನ್ನುವ ಕಡೆ 27 ಕಿಲೋಮೀಟರ್ ಉದ್ದದ ಬಿರುಕು ತೆರೆದು ಎಂಟು ತಿಂಗಳು ಹರಿಯಿತು. ಹೊರಬಂದ ಲಾವಾ ಸುಮಾರು 15 ಘನ ಕಿಲೋಮೀಟರ್. ಲಾವಾಕ್ಕಿಂತ ಜಾಸ್ತಿ ಹಾನಿ ಮಾಡಿದ್ದು ಗಂಧಕದ ಅನಿಲ ಮತ್ತು ಫ್ಲೋರಿನ್. ಹುಲ್ಲು ವಿಷವಾಯಿತು, ದನ ಕುರಿ ಸತ್ತವು, ಬರ ಬಿತ್ತು. ಐಸ್‌ಲ್ಯಾಂಡಿನ ಸುಮಾರು ಐದರಲ್ಲೊಂದು ಪಾಲು ಜನ ಸತ್ತರು. ಮನುಷ್ಯರು ಬರೆದಿಟ್ಟ ಇತಿಹಾಸದಲ್ಲಿ ಇದು ಅತಿ ದೊಡ್ಡ ಲಾವಾ ಪ್ರವಾಹಗಳಲ್ಲೊಂದು.

ನಮ್ಮ ಕಡೆಯ ಲಾವಾ ನೆಲಕ್ಕೆ ಡೆಕ್ಕನ್ ಟ್ರ್ಯಾಪ್ ಅಂತಾರೆ. ಅದರ ಮುಂದೆ ಲಾಕಿ ಏನೇನೂ ಅಲ್ಲ. ಸುಮಾರು 6.6 ಕೋಟಿ ವರ್ಷದ ಹಿಂದೆ, ಭಾರತ ಇನ್ನೂ ಭೂಮಧ್ಯರೇಖೆಯ ದಕ್ಷಿಣಕ್ಕೆ ದ್ವೀಪದಂತೆ ತೇಲುತ್ತಾ ಉತ್ತರಕ್ಕೆ ಸರಿಯುತ್ತಿದ್ದಾಗ, ಒಂದು ಹಾಟ್‌ಸ್ಪಾಟ್ ಮೇಲೆ ಬಂತು. ಬಿರುಕುಗಳಿಂದ ಲಾವಾ ಹರಿಯಿತು, ನಿಂತಿತು, ಮತ್ತೆ ಹರಿಯಿತು. ಬಹುಪಾಲು ಲಾವಾ ಬಂದದ್ದು ಸುಮಾರು 10 ಲಕ್ಷ ವರ್ಷದೊಳಗೆ. ಭೂಮಿಯ ಲೆಕ್ಕದಲ್ಲಿ ಅದು ಅವಸರದ ಕೆಲಸವೇ. ಇವತ್ತಿಗೆ ಉಳಿದಿರುವ ಲಾವಾ ನೆಲವೇ ಸುಮಾರು 5 ಲಕ್ಷ ಚದರ ಕಿಲೋಮೀಟರ್. ಪಶ್ಚಿಮ ಘಟ್ಟದ ಕಡೆ ಒಟ್ಟು ದಪ್ಪ ಎರಡು ಕಿಲೋಮೀಟರ್ ದಾಟುತ್ತದೆ, ನಮ್ಮ ಕಡೆ ಬರುತ್ತಾ ಬರುತ್ತಾ ತೆಳುವಾಗುತ್ತದೆ. ಬೀದರ್, ಕಲಬುರಗಿ ಅದರ ಆಗ್ನೇಯ ಅಂಚು.

ಹಾಗಾಗಿ "ಎಲ್ಲಿತ್ತು" ಅನ್ನುವ ನಿಮ್ಮ ಪ್ರಶ್ನೆಗೆ ಉತ್ತರ: ಬಿರುಕುಗಳು ಹೆಚ್ಚಾಗಿ ಈಗಿನ ಮಹಾರಾಷ್ಟ್ರದ ಪಶ್ಚಿಮ ಭಾಗ ಮತ್ತು ನರ್ಮದಾ–ತಾಪಿ ಕಡೆ ಇದ್ದವು. ನಿಮ್ಮ ಹೊಲದ ಕಲ್ಲು ಬಹುಶಃ ನೂರಾರು ಕಿಲೋಮೀಟರ್ ಹರಿದು ಬಂದದ್ದು. ಅಷ್ಟು ದೂರ ಆರದೆ ಹೇಗೆ ಬಂತು ಅಂತ ಕೇಳಬಹುದು. ಲಾವಾದ ಮೇಲ್ಮೈ ಬೇಗ ಗಟ್ಟಿಯಾಗಿ ತೊಗಟೆ ಕಟ್ಟುತ್ತದೆ. ಕಲ್ಲು ಶಾಖವನ್ನು ಸುಲಭಕ್ಕೆ ಬಿಡುವುದಿಲ್ಲ. ಆ ತೊಗಟೆಯ ಕೆಳಗೆ ಬಿಸಿ ಲಾವಾ ಹರಿಯುತ್ತಲೇ ಇರುತ್ತದೆ, ತೊಗಟೆಯನ್ನು ಮೇಲಕ್ಕೆ ಎತ್ತುತ್ತಾ ಹೋಗುತ್ತದೆ. ಮಹಾಬಳೇಶ್ವರದ ಲಾವಾದ ರಾಸಾಯನಿಕ ಗುರುತು ಆಂಧ್ರದ ಕರಾವಳಿಯ ರಾಜಮಂಡ್ರಿಯ ಲಾವಾದಲ್ಲೂ ಸಿಕ್ಕಿದೆ. ಅಲ್ಲಿಯವರೆಗೆ ಹೋದದ್ದು ಬೀದರ್‌ಗೆ ಬಂದದ್ದರಲ್ಲಿ ಆಶ್ಚರ್ಯ ಏನು?

ನಿಮ್ಮ ಬಾವಿಯನ್ನು ಈಗ ಕೆಳಗಿನಿಂದ ಮೇಲಕ್ಕೆ ಓದಿ. ತೂತು ಕಲ್ಲು ಹಳೆಯ ಹರಿವಿನ ನೆತ್ತಿ. ಲಾವಾ ಆರುವಾಗ ಅನಿಲದ ಗುಳ್ಳೆಗಳು ಮೇಲೇರಿ, ಹೊರಗೆ ಹೋಗುವ ಮೊದಲೇ ಕಲ್ಲು ಗಟ್ಟಿಯಾಗಿ ಸಿಕ್ಕಿಬಿದ್ದವು. ಆ ತೂತುಗಳೇ ಆ ಗುಳ್ಳೆಗಳು. ಎಷ್ಟೋ ಕಾಲದ ಮೇಲೆ ಕಲ್ಲಿನೊಳಗೆ ಇಳಿದ ನೀರು ತನ್ನಲ್ಲಿ ಕರಗಿದ್ದ ಖನಿಜವನ್ನು ಅಲ್ಲಿ ಬಿಟ್ಟು ಹರಳು ಮಾಡಿತು. ಬಿಳಿ ಹರಳು ಸಾಮಾನ್ಯವಾಗಿ ಜಿಯೊಲೈಟ್ ಇಲ್ಲವೇ ಕ್ಯಾಲ್ಸೈಟ್. ಮಗಳಿಗೆ ಹೇಳಿ, ಹರಳಿನ ಚೂರನ್ನು ಪುಡಿ ಮಾಡಿ ವಿನೆಗರ್ ಹಾಕಲಿ. ಬುರುಗು ಬಂದರೆ ಕ್ಯಾಲ್ಸೈಟ್. ಚಾಕುವಿಗೂ ಗೀರು ಬೀಳದ, ಮೇಣದ ಹೊಳಪಿನ ಕಲ್ಲು ಸಿಕ್ಕರೆ ಅದು ಅಗೇಟ್ ಜಾತಿ. ಹಾಗೇ ಕರಿಕಲ್ಲನ್ನು ಕುಟ್ಟಿ ಪುಡಿ ಮಾಡಿ, ಹಳೆ ಸ್ಪೀಕರಿನ ಅಯಸ್ಕಾಂತ ಹಿಡಿದು ನೋಡಲಿ. ಒಂದಷ್ಟು ಕಣ ಅಂಟಿಕೊಂಡು ಬರುತ್ತವೆ. ಅದು ಮ್ಯಾಗ್ನೆಟೈಟ್. ಲಾವಾ ಆರಿದ ದಿನ ಭೂಮಿಯ ಕಾಂತ ಯಾವ ಕಡೆ ಇತ್ತು ಅನ್ನುವುದನ್ನು ಈ ಕಣಗಳು ಹಿಡಿದಿಟ್ಟುಕೊಂಡಿವೆ. ಡೆಕ್ಕನ್ ಲಾವಾದ ದೊಡ್ಡ ಪಾಲು ಹರಿದದ್ದು ಭೂಮಿಯ ಕಾಂತ ಈಗಿನದಕ್ಕೆ ಉಲ್ಟಾ ಇದ್ದ ಕಾಲದಲ್ಲಿ.

ಅದರ ಮೇಲಿನ ಕೆಂಪು ಪದರ ಎರಡು ಹರಿವುಗಳ ನಡುವಿನ ಬಿಡುವು. ಹಳೆಯ ಲಾವಾ ಬಿಸಿಲು ಮಳೆಗೆ ಒಡ್ಡಿಕೊಂಡು ಮಣ್ಣಾಯಿತು. ಬೇರೆ ಬೇರೆ ಜಾಗದಲ್ಲಿ ಇಂಥ ಬಿಡುವಿನಲ್ಲಿ ಕೆರೆ ತುಂಬಿ, ಗಿಡ ಬೆಳೆದು, ಬಸವನಹುಳು ಬದುಕಿದ ಪಳೆಯುಳಿಕೆಗಳೂ ಸಿಕ್ಕಿವೆ. ಆಮೇಲೆ ಹೊಸ ಲಾವಾ ಅದರ ಮೇಲೆ ಹರಿದು ಆ ಮಣ್ಣನ್ನು ಸುಟ್ಟಿತು. ಮೇಲಿನ ಗಟ್ಟಿ ಕರಿಕಲ್ಲು ಹೊಸ ಹರಿವಿನ ಹೊಟ್ಟೆ. ನಿಧಾನವಾಗಿ ಆರಿದ್ದರಿಂದ ಅಲ್ಲಿ ತೂತಿಲ್ಲ, ನೀರಿಗೂ ಜಾಗ ಇಲ್ಲ. ನಿಮ್ಮ ಬಾವಿಗೆ ನೀರು ಬರುವುದಾದರೆ ಕಲ್ಲಿನ ಬಿರುಕಿನಿಂದ ಇಲ್ಲವೇ ತೂತು ಕಲ್ಲಿನಿಂದ. ಬೋರ್ ಹಾಕುವವರಿಗೆ ಈ ಕೆಂಪು ಪದರ ತಲೆನೋವು, ನೀರು ತಾಗಿದರೆ ಉಬ್ಬಿ ಕುಸಿಯುತ್ತದೆ. ಮುಂದೆ ಬೋರ್ ಹಾಕಿಸಿದರೆ ಆ ಪದರ ದಾಟುವವರೆಗೂ ಕೇಸಿಂಗ್ ಪೈಪ್ ಇಳಿಸಲು ಹೇಳಿ. ಎಲ್ಲಕ್ಕಿಂತ ಮೇಲೆ ಗರಸು ಮತ್ತು ಎರೆ. ಅವು ಅದೇ ಬಸಾಲ್ಟ್ ಸವೆದು ಆದದ್ದು. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುವುದು, ಮಳೆಗೆ ಉಬ್ಬಿ ಮುಚ್ಚಿಕೊಳ್ಳುವುದು, ಹಿಂಗಾರಿಯಲ್ಲಿ ಜೋಳ ಕಡಲೆಗೆ ಹಸಿ ಹಿಡಿದಿಡುವುದು, ಎಲ್ಲ ಬಸಾಲ್ಟಿನಿಂದ ಹುಟ್ಟಿದ ಆ ಜೇಡಿಯ ಗುಣ.

ಬೀದರ್ ಕೋಟೆಗೆ ಹೋದಾಗ ಕಂದಕದ ಅಂಚಿನಲ್ಲಿ ನಿಂತು ನೋಡಿ. ಅಲ್ಲಿ ಕಾಣುವ ಕೆಂಪು ಜಂಬಿಟ್ಟಿಗೆಯೂ ಇದೇ ಲಾವಾದ ಮಗ. ಲಕ್ಷಾಂತರ ವರ್ಷದ ಮಳೆ ಬಸಾಲ್ಟಿನ ಸಿಲಿಕಾ, ಸುಣ್ಣದ ಅಂಶ ತೊಳೆದುಕೊಂಡು ಹೋಗಿ ಕಬ್ಬಿಣ, ಅಲ್ಯೂಮಿನಿಯಂ ಉಳಿಸಿತು. ನೆಲದಲ್ಲಿರುವಾಗ ಕಡಿಯಲು ಮೆತ್ತಗೆ, ಗಾಳಿಗೆ ಬಂದ ಮೇಲೆ ಗಟ್ಟಿ. ಬಹಮನಿಗಳ ಕಾಲದಲ್ಲಿ ಮೂರು ಸಾಲು ಕಂದಕ ಕಡಿಯಲು ಆದದ್ದು ಇದರಿಂದಲೇ. ಬೀದರ್ ಪಕ್ಕದ ನೌಬಾದಿನ ಸುರಂಗ ಬಾವಿಯೂ ಹಾಗೇ. ಮಳೆನೀರು ಜಂಬಿಟ್ಟಿಗೆಯ ತೂತುಗಳಲ್ಲಿ ಇಳಿದು, ಕೆಳಗಿನ ಜೇಡಿ ಮತ್ತು ಕರಿಕಲ್ಲಿನ ಮೇಲೆ ನಿಲ್ಲುತ್ತದೆ. ಆ ನೀರನ್ನು ಸುರಂಗ ಕೊರೆದು ಊರಿಗೆ ತಂದವರು ಈ ಕಲ್ಲನ್ನು ನಮಗಿಂತ ಚೆನ್ನಾಗಿ ತಿಳಿದಿದ್ದರು.

ಬೀದರ್, ಕಲಬುರಗಿ, ಯಾದಗಿರಿ, ನಮ್ಮ ಈ ಮೂರು ಜಿಲ್ಲೆಯ ಕಲ್ಲು ಒಂದೇ ಅಲ್ಲ ಅನ್ನುವುದನ್ನೂ ಹೇಳಬೇಕು. ಯಾದಗಿರಿ ಕೋಟೆಯ ಗುಡ್ಡ, ಶಹಾಪುರದ ಮಲಗಿದ ಬುದ್ಧನ ಬೆಟ್ಟ ಗ್ರಾನೈಟ್. ಅದೂ ಕರಗಿದ ಕಲ್ಲೇ, ಆದರೆ ಹೊರಗೆ ಬರದೆ ಆಳದಲ್ಲೇ ನಿಧಾನವಾಗಿ ಆರಿದ್ದು. ಅದಕ್ಕೇ ಅದರಲ್ಲಿ ಕಣ್ಣಿಗೆ ಕಾಣುವಷ್ಟು ದೊಡ್ಡ ಹರಳು. ವಯಸ್ಸು ಇನ್ನೂರು ಕೋಟಿ ವರ್ಷಕ್ಕೂ ಹೆಚ್ಚು. ಯಾದಗಿರಿಯಿಂದ ಕಲಬುರಗಿಗೆ ರೈಲಿನಲ್ಲಿ ಬಂದರೆ ನಡುವೆ ವಾಡಿ, ಶಹಾಬಾದ್ ಸುತ್ತ ಸುಣ್ಣದ ಕಲ್ಲು. ಅದು ಹಳೆಯ ಸಮುದ್ರದ ತಳದಲ್ಲಿ ಕೂತದ್ದು, ಲಾವಾಕ್ಕೂ ಅದಕ್ಕೂ ಸಂಬಂಧ ಇಲ್ಲ. ಕಲಬುರಗಿ ದಾಟಿ ಆಳಂದ ಕಡೆ ಹೊರಳಿದರೆ ಲಾವಾ ನೆಲ. ಮಹಾರಾಷ್ಟ್ರದ ಲೋಣಾರ್ ಸರೋವರವನ್ನು ನೋಡಿದವರು ಅದೇ ಜ್ವಾಲಾಮುಖಿಯ ಬಾಯಿ ಅಂತ ಹೇಳುವುದುಂಟು. ಅದು ಉಲ್ಕೆ ಬಿದ್ದು ಆದ ಕುಳಿ, ಲಾವಾ ಆರಿ ಕೋಟ್ಯಂತರ ವರ್ಷದ ಮೇಲೆ.

ಮತ್ತೆ ಸಿಡಿಯಬಹುದಾ? ಇಲ್ಲ. ಲಾವಾ ಕೊಟ್ಟ ಹಾಟ್‌ಸ್ಪಾಟ್ ನಮ್ಮ ಕೆಳಗೆ ಈಗ ಇಲ್ಲ. ಭಾರತದ ಫಲಕ ಉತ್ತರಕ್ಕೆ ಸರಿದುಬಂತು, ಅದು ಹಿಂದೆ ಉಳಿಯಿತು. ಲಕ್ಷದ್ವೀಪ, ಮಾಲ್ಡೀವ್ಸ್, ಮಾರಿಷಸ್ ಅದರ ಹೆಜ್ಜೆಯ ಗುರುತುಗಳು. ಈಗ ಅದು ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದ ಕೆಳಗಿದೆ ಅಂತ ಹೆಚ್ಚಿನ ಭೂವಿಜ್ಞಾನಿಗಳು ಒಪ್ಪುತ್ತಾರೆ. ಕಲಬುರಗಿಯಿಂದ ಅದು ಸುಮಾರು 4,800 ಕಿಲೋಮೀಟರ್ ದೂರ. ಅಲ್ಲಿನ ಪಿಟೋನ್ ದ ಲಾ ಫೂರ್ನೇಸ್ ಇವತ್ತಿಗೂ ಪದೇ ಪದೇ ಉಕ್ಕುತ್ತದೆ.

ಕಿಲ್ಲಾರಿಯ ಮಾತು ಬೇರೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಆದ ಆ ಭೂಕಂಪದ ತೀವ್ರತೆ 6ಕ್ಕಿಂತ ಸ್ವಲ್ಪ ಹೆಚ್ಚು. ಸಾವಿರಾರು ಜನ ಮಲಗಿದಲ್ಲೇ ಹೋದರು. ಬೀದರ್, ಕಲಬುರಗಿಯಲ್ಲೂ ಅವತ್ತು ಜನ ಎದ್ದು ಬೀದಿಗೆ ಓಡಿದ್ದರು. ಲಾವಾ ಕುದಿಯುತ್ತಿದೆ ಅನ್ನುವ ಸುದ್ದಿ ಆಗಲೂ ಹಬ್ಬಿತ್ತು. ನಂತರ ವಿಜ್ಞಾನಿಗಳು ಅಲ್ಲಿ ಆಳದ ಬೋರ್ ಕೊರೆದರು. ಸುಮಾರು 340 ಮೀಟರ್ ತನಕ ಲಾವಾದ ಪದರಗಳು, ಅದರ ಕೆಳಗೆ ಕೆಲವೇ ಮೀಟರ್ ಹಳೆಯ ಕೆಸರು ಕಲ್ಲು, ಅದರ ಕೆಳಗೆ ಗ್ರಾನೈಟ್ ಜಾತಿಯ ಕಲ್ಲು. ಎಲ್ಲವೂ ಗಟ್ಟಿ, ಕರಗಿದ್ದು ಏನೂ ಇಲ್ಲ. ಅಲುಗಿದ್ದು ಆ ಹಳೆಯ ಕಲ್ಲು. ಭಾರತದ ಫಲಕ ಹಿಮಾಲಯವನ್ನು ಒತ್ತುತ್ತಲೇ ಇದೆ. ಆ ಒತ್ತಡ ಇಲ್ಲಿಯ ಹಳೆಯ ಬಿರುಕುಗಳಲ್ಲೂ ಸೇರಿ, ಯಾವಾಗಲೋ ಒಮ್ಮೆ ಜಾರುತ್ತದೆ. 2021ರ ಅಕ್ಟೋಬರ್‌ನಲ್ಲಿ ಚಿಂಚೋಳಿ ತಾಲೂಕಿನ ಗಡಿಕೇಶ್ವರದ ಸುತ್ತ ಸದ್ದು ಕೇಳಿ, ನೆಲ ನಡುಗಿ ಜನ ಮನೆ ಬಿಟ್ಟು ಹೊರಗೆ ಮಲಗಿದ್ದರಲ್ಲ, ಅದರಲ್ಲೂ ಲಾವಾದ ಪಾತ್ರ ಇಲ್ಲ. ಕಂಪನ ಮೇಲ್ಭಾಗದಲ್ಲೇ ಆದಾಗ ಅದರ ಸದ್ದು ಕಿವಿಗೂ ಕೇಳುತ್ತದೆ.

ಹಾಗಾಗಿ ನೀವು ಲಾವಾಕ್ಕೆ ಹೆದರಬೇಕಾಗಿಲ್ಲ. ಮನೆಯ ಗೋಡೆ ನೋಡಿಕೊಳ್ಳಿ. ಕಿಲ್ಲಾರಿಯಲ್ಲಿ ಅಷ್ಟು ಜನ ಸತ್ತದ್ದು ದಪ್ಪ ಕಲ್ಲು, ಮಣ್ಣಿನ ಗೋಡೆ, ಮೇಲೆ ಭಾರದ ಮಣ್ಣಿನ ಮಾಳಿಗೆ ಕುಸಿದು. ನಮ್ಮ ಹಳ್ಳಿಗಳಲ್ಲಿ ಈಗಲೂ ಅಂಥ ಮನೆ ಸಾಕಷ್ಟಿವೆ. ನಿಮ್ಮದೂ ಹಾಗಿದ್ದರೆ ಮಾಳಿಗೆಯ ಮೇಲೆ ವರ್ಷ ವರ್ಷ ಮಣ್ಣು ಏರಿಸಬೇಡಿ. ಹೊಸದಾಗಿ ಕಟ್ಟುವುದಾದರೆ ಬಾಗಿಲು ಕಿಟಕಿಯ ಮೇಲ್ಮಟ್ಟಕ್ಕೆ ನಾಲ್ಕೂ ಗೋಡೆ ಸುತ್ತಿ ಬರುವ ಹಾಗೆ ಕಬ್ಬಿಣ ಹಾಕಿ ಕಾಂಕ್ರೀಟ್ ಪಟ್ಟಿ ಹಾಕಿಸಿ, ಮೂಲೆಗಳಲ್ಲಿ ಅದು ಎಲ್ಲೂ ತುಂಡಾಗದಂತೆ ಗೌಂಡಿಗೆ ಹೇಳಿ. ದಪ್ಪ ಕಲ್ಲಿನ ಗೋಡೆಯಾದರೆ ಅಲ್ಲಲ್ಲಿ ಒಳಗಿಂದ ಹೊರಗೆ ದಾಟುವ ಉದ್ದನೆ ಕಲ್ಲು ಇಡಿಸಿ. ನಿಮ್ಮ ಬಾವಿಯಿಂದ ಮೇಲೆ ಬಂದ ಆ ಗಟ್ಟಿ ಕರಿಕಲ್ಲು ಅದಕ್ಕೆ ಚೆನ್ನಾಗಿ ಆಗುತ್ತದೆ.